ಮಾನ್ಯ ಶಾಸಕರೇ, ವೃತ್ತಕ್ಕೆ ನಮ್ಮ ಯಜಮಾನರ ಹೆಸರು ಬೇಡ

ಮಾನ್ಯ ಶಾಸಕರಿಗೆ ನಮಸ್ಕಾರ.

ನಮ್ಮ ಯಜಮಾನರ ಮಣ್ಣಿಗೆ ನೀವು ಬಂದಿದ್ದಿರಿ. ಗಾಡಿ ಹಳ್ಳದ ಆಚೆಯೇ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಅಡಿಕೆ ಮರದ ಸಂಕ ದಾಟಿ ಬಂದಿರಿ. ಪೇಟೆಯ ವೃತ್ತಕ್ಕೆ ಅವರ ಹೆಸರು ಇಡಿಸ್ತೀನಿ ಅಂದಿರಿ. ಆ ಹೊತ್ತಲ್ಲಿ ಸುಮ್ನೆ ತಲೆಯಾಡಿಸಿದೆ. ಬೇಡ ಅಂತ ಹೇಳಲು ಈಗ ಬರೆಯುತ್ತಿದ್ದೇನೆ.

ಅವರು 85 ವರ್ಷ ಬದುಕಿದರು. ನಮ್ಮ ಮದುವೆಯಾಗಿ 61 ವರ್ಷ. ಆದರೆ ಮೊದಲ 18 ವರ್ಷ ಅವರು ರಜೆಗೆ ಬಂದಾಗ ಮಾತ್ರ ಗಂಡ, ಉಳಿದ ದಿನ ಇನ್‌ಲ್ಯಾಂಡ್ ಲೆಟರ್. 1958ರಲ್ಲಿ ಬೆಂಗಳೂರಿನ ಹಲಸೂರು ಕೆರೆ ಪಕ್ಕದ ಮದ್ರಾಸ್ ಸ್ಯಾಪರ್ಸ್ ಸೇರಿದ್ದರು, ಸೇತುವೆ ಕಟ್ಟುವ, ಮೈನು ತೆಗೆಯುವ ಸೈನ್ಯದ ಎಂಜಿನಿಯರ್ ಪಡೆ ಅದು. ಅಲ್ಲಿ ಎಲ್ಲರನ್ನೂ 'ತಂಬಿ' ಅನ್ನುತ್ತಾರಂತೆ, ತಮಿಳಿನಲ್ಲಿ ತಮ್ಮ ಅಂತ. ನಮ್ಮ ಮಲೆನಾಡಿನ ಗೌಡರೂ ತಂಬಿಯಾಗಿಯೇ ಊರಿಗೆ ಬಂದರು, 1982ರಲ್ಲಿ, ಹವಾಲ್ದಾರರಾಗಿ. ಆಮೇಲೆ ಎಸ್ಟೇಟ್ ಒಂದರಲ್ಲಿ ರೈಟರ್ ಆಗಿದ್ದರು. ಊರಿಗೆಲ್ಲ ಮಾತ್ರ ಮಿಲಿಟ್ರಿ ಮಾವ.

ಯುದ್ಧದ ಮಾತು ಆಡುತ್ತಿರಲಿಲ್ಲ. 1971ರ ಡಿಸೆಂಬರ್‌ನಲ್ಲಿ ನಾನು ಕಾಫಿ ಹಣ್ಣು ಕೊಯ್ಯುತ್ತಿದ್ದೆ, ಕಿವಿಯೆಲ್ಲ ಸಾಹುಕಾರರ ಮನೆ ರೇಡಿಯೋ ಕಡೆ. ಅವರು ಆಗ ಪಾಕಿಸ್ತಾನದ ಗಡಿಯ ಶಕರ್‌ಗಢದ ಕಡೆ ಇದ್ದರು. 15ರ ರಾತ್ರಿ ಬಸಂತರ್ ನದಿ ಹತ್ತಿರ ನೆಲದಲ್ಲಿ ಹೂತಿಟ್ಟ ಮೈನು ತೆಗೆದು ಟ್ಯಾಂಕಿಗೆ ದಾರಿ ಮಾಡಿಕೊಟ್ಟ ಪಡೆಯಲ್ಲಿ ಅವರೂ ಒಬ್ಬರು. ಇದನ್ನು ಒಂದೇ ಸಲ ಹೇಳಿದ್ದು, ಅದೂ ಕರೆಂಟ್ ಹೋದ ರಾತ್ರಿ. ಕೊನೇವರೆಗೂ ತೋಟದಲ್ಲಿ ನೆಲ ನೋಡಿಕೊಂಡೇ ನಡೆದರು. ಹಾವಿನ ಭಯ ಅಂತ ಮೊಮ್ಮಕ್ಕಳು ನಗುತ್ತಿದ್ದರು.

ಸೈನ್ಯದವರು ಬಿಡಿಭಾಗ ಜೋಡಿಸಿ ಬೇಗ ಕಟ್ಟುವ ಬೈಲಿ ಸೇತುವೆಯ ವಿಷಯ ಮಾತ್ರ ಎಷ್ಟು ಕೇಳಿದರೂ ಹೇಳುತ್ತಿದ್ದರು. ಹತ್ತಡಿ ಉದ್ದದ ಕಬ್ಬಿಣದ ಚೌಕಟ್ಟು, ಎರಡೂವರೆ ಕ್ವಿಂಟಾಲಿಗೂ ಜಾಸ್ತಿ ತೂಕ. ಆರು ಜನ ಹೊತ್ತು ತರಬೇಕು, ಒಂದಕ್ಕೊಂದು ಜೋಡಿಸಿ ಪಿನ್ ಹೊಡೆಯಬೇಕು. ಊಟದ ತಟ್ಟೆ ಪಕ್ಕ ಬೆಂಕಿಪೊಟ್ಟಣ ಜೋಡಿಸಿ ತೋರಿಸುವರು. ಕಡುಬು ಆರಿ ಹೋಗುತ್ತಿತ್ತು.

ಅಂಥವರ ಮನೆ ಮುಂದಿನ ಹಳ್ಳಕ್ಕೆ ಸೇತುವೆ ಇಲ್ಲ ನೋಡಿ. ಪ್ರತಿ ವರ್ಷ ಮೃಗಶಿರ ಮಳೆಗೆ ಮುಂಚೆ ಹುಡುಗರನ್ನು ಸೇರಿಸಿ ಅವರೇ ಅಡಿಕೆ ಮರ ಹಾಕಿಸಿ, ಬಿದಿರಿನ ಹಿಡಿಕೆ ಕಟ್ಟಿಸುತ್ತಿದ್ದರು. 2019ರ ಆಗಸ್ಟ್ ಮಳೆಗೆ ಸಂಕ ಪೂರಾ ಕೊಚ್ಚಿಹೋಯಿತು. ಆಗ ಅವರಿಗೆ 79. ಸೊಂಟದ ಮಟ್ಟ ನೀರಿಗೆ ಇಳಿದುಬಿಟ್ಟರು. ನಾನು ದಡದಲ್ಲಿ ನಿಂತು ಬೈದೆ, ಕೇಳಿಸಿಕೊಂಡರೆ ತಾನೆ!

ಅವರ ಕಪ್ಪು ಟ್ರಂಕಿನ ಮೇಲೆ ಸೈನ್ಯದ ನಂಬರ್ ಬಿಳಿ ಬಣ್ಣದಲ್ಲಿ ಇನ್ನೂ ಇದೆ. ತಿಥಿ ಮುಗಿದ ಮೇಲೆ ತೆಗೆದು ನೋಡಿದೆ. ಒಳಗೆ ಕಾರ್ಬನ್ ಹಾಕಿ ಬರೆದ ಐದು ಮನವಿ. ಐದಕ್ಕೂ ಸೀಲು ಬಿದ್ದಿದೆ, ಅಷ್ಟೇ. ಶಾಲೆ ಮಕ್ಕಳು ಹಳ್ಳ ದಾಟಲು ಕಾಲುಸೇತುವೆ ಕಟ್ಟಿಸುವ 'ಶಾಲಾ ಸಂಪರ್ಕ ಸೇತು' ಯೋಜನೆ ಬಂದಾಗಿನ ಪೇಪರ್ ತುಂಡೂ ಇತ್ತು, ಕೆಂಪು ಗೆರೆ ಎಳೆದದ್ದು. ಯಾರು ತಡೆದರು ಅಂತ ಅವರು ಯಾರನ್ನೂ ಬೈದವರಲ್ಲ. ನಾನು ಬೈತೀನಿ, ಅದು ಬೇರೆ ವಿಷಯ.

ಪ್ರತಿ ನವೆಂಬರ್‌ನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು, "ನಾನು ಬದುಕಿದ್ದೀನಿ ಅಂತ ಹೇಳಿ ಬರ್ತೀನಿ ಕಣೇ" ಅಂತ ಪಿಂಚಣಿಗಾಗಿ ಬ್ಯಾಂಕಿಗೆ ಹೊರಡುತ್ತಿದ್ದರು. ಸವೆದ ಹೆಬ್ಬೆಟ್ಟನ್ನು ಯಂತ್ರ ಒಪ್ಪುತ್ತಿರಲಿಲ್ಲ. ನಾಲ್ಕು ಸಲ ಒತ್ತಿಸಿಕೊಂಡು, ಬರುವಾಗ ನನಗೆ ಬೆಣ್ಣೆ ಬಿಸ್ಕೆಟ್ ತರುವರು. ಇನ್ನು ಮೇಲೆ ಕುಟುಂಬ ಪಿಂಚಣಿಗೆ ನಾನು ಹೋಗಬೇಕು. ಅದಕ್ಕೂ ಅದೇ ಸಂಕ ದಾಟಬೇಕು. ಈ ಸಲ ಮರ ಬದಲಿಸುವವರಿಲ್ಲ. ಶಾಲೆಗೆ ಹೋಗುವ ಏಳು ಮಕ್ಕಳಿದ್ದಾರೆ.

ವೃತ್ತದ ದುಡ್ಡು ಇಲ್ಲಿಗೆ ಬರಲಿ. ಕಾಲುಸೇತುವೆ ಸಾಕು, ಕಾರು ಹೋಗುವಂಥದ್ದು ಬೇಡ. ಹೆಸರಿನ ಕಲ್ಲೂ ಬೇಡ. ಮೃಗಶಿರ ಹಿಡಿಯುವ ಮೊದಲು ಕೆಲಸ ಶುರುವಾಗಬೇಕು, ಪುನರ್ವಸು, ಪುಷ್ಯ ಬಂದರೆ ಹಳ್ಳಕ್ಕೆ ಇಳಿಯಲು ಆಗುವುದಿಲ್ಲ.

ದಡದಿಂದ ದಡಕ್ಕೆ 32 ಅಡಿ. ಅವರೇ ಅಳೆದು ನಕ್ಷೆ ಬರೆದಿಟ್ಟಿದ್ದಾರೆ. ಅದರ ಜೆರಾಕ್ಸ್ ಇದರ ಜೊತೆ ಇಟ್ಟಿದ್ದೇನೆ.

ಇಂತಿ,
ಮಿಲಿಟ್ರಿ ಮಾವನ ಮನೆಯವಳು
ಚಿಕ್ಕಮಗಳೂರು ಜಿಲ್ಲೆ