ಎರಡು ದಿನದಲ್ಲಿ ಬಂದು ಹೋಗೋ ಕಾಯಿಲೆ ಕಾಯಿಲೆ ಅಲ್ವಾ ಸಾರ್? ಕಾರ್ಮಿಕ ಸಚಿವರಿಗೆ ಒಂದು ಬಹಿರಂಗ ಪತ್ರ

ಕಾರ್ಮಿಕ ಸಚಿವರಾದ ಸಂತೋಷ್ ಲಾಡ್ ಸಾರ್ ಅವರಿಗೆ,

ನಮಸ್ಕಾರ ಸಾರ್. ನಾನು ಮಂಡ್ಯದೋಳು. ಮೈಸೂರು ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಒಂದು ಫ್ಯಾಕ್ಟ್ರಿಲಿ ಬಿಲ್ಲಿಂಗ್ ಕೆಲಸ, ಆರು ವರ್ಷ ಆಯ್ತು. ಕಂಪನಿ ಹೆಸರು ಹಾಕಲ್ಲ, ನಾಳೆ ಬೆಳಗ್ಗೆ ಮತ್ತೆ ಅಲ್ಲಿಗೇ ಹೋಗ್ಬೇಕಲ್ಲ.

ನನಗೆ ಮೈಗ್ರೇನ್ ಇದೆ. ನಮ್ಮ ಕಡೆ ಅರೆತಲೆನೋವು ಅಂತಾರೆ, ಆದ್ರೆ ಹಂಗಂದ ತಕ್ಷಣ ಎಲ್ರಿಗೂ ಅದು ಬರೀ ತಲೆನೋವು ಅನ್ನಿಸಿಬಿಡುತ್ತೆ, ಅಮೃತಾಂಜನ ಹಚ್ಚಿ ಟವಲ್ ಕಟ್ಕೊಂಡ್ರೆ ಹೋಗೋ ಥರ. ನನಗೆ ಮೊದ್ಲು ಎಡಗಣ್ಣಿನ ಮೂಲೇಲಿ ಮಿಣಮಿಣ ಅಂತ ಬೆಳಕಿನ ಗೆರೆ ಓಡಾಡುತ್ತೆ, ಕಂಪ್ಯೂಟರಲ್ಲಿ ಇನ್‌ವಾಯ್ಸ್ ನಂಬರಿನ ಅರ್ಧ ಕಾಣ್ಸಲ್ಲ, ಅರ್ಧ ಗಂಟೆ ಬಿಟ್ಟು ಒಂದು ಕಡೆ ತಲೆ ಸುತ್ತಿಗೇಲಿ ಹೊಡ್ದಂಗೆ ಶುರುವಾಗುತ್ತೆ, ಆಮೇಲೆ ವಾಂತಿ. ಬೆಳಕು ಆಗಲ್ಲ, ಸದ್ದು ಆಗಲ್ಲ, ವಾಸನೆ ಅಂತೂ ಆಗೋದೇ ಇಲ್ಲ. ಮೈಸೂರಲ್ಲಿ ಕೆಲಸ ಮಾಡ್ಕೊಂಡು ಅಗರಬತ್ತಿ ಆಗಲ್ಲ ಅಂದ್ರೆ ಯಾರು ನಂಬ್ತಾರೆ ಹೇಳಿ, ಶುಕ್ರವಾರದ ಪೂಜೆಗೆ ಆಫೀಸಲ್ಲಿ ಒಂದು ಕಟ್ಟು ಹಚ್ಚಿದ್ರೆ ನಾನು ಹೋಗಿ ಸ್ಟೋರ್ ಹಿಂದೆ ನಿಂತ್ಕೋತೀನಿ, ದೇವರ ಮೇಲೆ ಭಕ್ತಿ ಇಲ್ಲ ಅಂತ ಒಂದು ಮಾತು ಬೇರೆ. ಬೆಳಗ್ಗೆ ಟ್ರೇನಲ್ಲೂ ಅಷ್ಟೇ, ಯಲಿಯೂರು ದಾಟಿದ ಮೇಲೆ ತೆಂಗಿನ ಮರಗಳ ಸಂದೀಲಿ ಬಿಸಿಲು ಚಕಚಕ ಅಂತ ಕಣ್ಣಿಗೆ ಹೊಡೆಯುತ್ತೆ, ಬಿಸಿಲು ಬರದೇ ಇರೋ ಕಡೆ ಸೀಟ್ ಸಿಗ್ದಿದ್ರೆ ಶ್ರೀರಂಗಪಟ್ಟಣದವರೆಗೂ ಮುಖಕ್ಕೆ ಸೆರಗು ಮುಚ್ಕೊಂಡೇ ಕೂತಿರ್ತೀನಿ.

ನ್ಯೂರಾಲಜಿ ಡಾಕ್ಟ್ರು ಡೈರಿ ಬರೀರಿ ಅಂದ್ರು. ನಮ್ಮನೆ ಗೋಡೆ ಕ್ಯಾಲೆಂಡರಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲೇ ಕೆಂಪು ಪೆನ್ನಲ್ಲಿ ಗುರುತು ಹಾಕ್ತಾ ಬಂದೆ. ಹೋದ ತಿಂಗಳು 16 ಗುರುತು. ತಿಂಗಳಿಗೆ 15 ದಿನ ಇಲ್ಲಾ ಅದಕ್ಕಿಂತ ಜಾಸ್ತಿ ತಲೆನೋವು, ಅದ್ರಲ್ಲಿ ಕನಿಷ್ಠ 8 ದಿನ ಮೈಗ್ರೇನ್ ಲಕ್ಷಣ, ಹೀಗೆ ಮೂರು ತಿಂಗಳು ದಾಟಿದ್ರೆ ಅದು ಕ್ರಾನಿಕ್ ಅಂತೆ. ಆ 16ರಲ್ಲಿ ನಾನು ರಜೆ ಹಾಕಿದ್ದು 3 ದಿನ. ಎರಡು ಭಾನುವಾರ ಬಿಟ್ರೆ ಮಿಕ್ಕ 11 ದಿನ ತಲೆ ಸಿಡೀತಿದ್ರೂ ಬಿಲ್ ಹಾಕಿದೀನಿ. ಮ್ಯಾನೇಜರ್‌ಗೆ ಕಾಣ್ಸಿದ್ದು ಮಾತ್ರ ಆ ಮೂರು.

"ನಮ್ಗೂ ತಲೆನೋವು ಬರುತ್ತೆ ಮೇಡಂ, ನಾವೇನು ಮನೆಗೆ ಓಡಿಹೋಗ್ತೀವಾ? ಒಂದು ಮಾತ್ರೆ ನುಂಗಿ ಬನ್ನಿ." ಇದು ಅವ್ರ ಮಾತು. ಮಾತ್ರೆದೇ ಕಷ್ಟ ಸಾರ್. ಸಾಧಾರಣ ನೋವಿನ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನ್‌ಗೆ ಅಂತಾನೇ ಕೊಡೋ ಟ್ರಿಪ್ಟಾನ್ ಮಾತ್ರೆ 10 ದಿನ, ಹಿಂಗೇ ತಿಂಗಳುಗಟ್ಟಲೆ ನುಂಗ್ತಾ ಹೋದ್ರೆ ಆ ಮಾತ್ರೆಯಿಂದಾನೇ ತಲೆನೋವು ಶುರುವಾಗುತ್ತೆ. ಇನ್ನೊಂದ್ಸಲ "ಅದೇನ್ ನಿಮ್ ಮೈಗ್ರೇನ್ ಸೋಮವಾರನೇ ನೋಡ್ಕೊಂಡು ಬರುತ್ತೆ" ಅಂದ್ರು, ಎಲ್ರೂ ನಕ್ಕರು. ಭಾನುವಾರ ಎರಡು ಗಂಟೆ ಜಾಸ್ತಿ ಮಲಗಿ ತಿಂಡಿ ತಡ ಆದ್ರೂ ಬರೋ ಕಾಯಿಲೆ ಇದು, ನಿದ್ದೆ ಊಟದ ಹೊತ್ತು ಏರುಪೇರಾದ್ರೆ ಸಾಕು. ಅದನ್ನ ಹೇಳೋಕೆ ಹೋದ್ರೆ ಎದುರು ಮಾತಾಡ್ತಾಳೆ ಅಂತಾರೆ.

ಫ್ಯಾಕ್ಟ್ರಿಲಿ ರೆಸ್ಟ್ ರೂಮ್ ಇದೆ, ಇಲ್ಲ ಅನ್ನಲ್ಲ. ಅರ್ಧ ರೂಮಲ್ಲಿ ರಟ್ಟಿನ ಡಬ್ಬ, ಇನ್ನರ್ಧದಲ್ಲಿ ಎರಡು ಟ್ಯೂಬ್‌ಲೈಟು. ಲೈಟ್ ಆಫ್ ಮಾಡಿ ಅಂದ್ರೆ ಕ್ಯಾಮೆರಾ ಇದೆ, ಮಾಡಂಗಿಲ್ಲ ಅಂತಾರೆ.

ಈಗ ನಿಮ್ಮ ಹತ್ರ ಬಂದಿದ್ದಕ್ಕೆ ಕಾರಣ ಹೇಳ್ತೀನಿ. ನನ್ ಸಂಬಳ 18,000, ಅದ್ರಲ್ಲಿ ಇಎಸ್‌ಐಗೆ, ಅಂದ್ರೆ ಕೆಲಸಗಾರರ ಆರೋಗ್ಯ ವಿಮೆಗೆ ಅಂತ, ನನ್ನಿಂದ 0.75 ಪರ್ಸೆಂಟ್ ಅಂದ್ರೆ 135 ರೂಪಾಯಿ, ಕಂಪನಿಯಿಂದ 3.25 ಪರ್ಸೆಂಟ್ ಅಂದ್ರೆ 585. ತಿಂಗಳು ತಪ್ಪದೆ ಹೋಗ್ತಿದೆ. ಕಾಯಿಲೆ ಬಿದ್ರೆ ಸಂಬಳದ 70 ಪರ್ಸೆಂಟ್ ವರ್ಷಕ್ಕೆ 91 ದಿನದವರೆಗೂ ಕೊಡ್ತಾರೆ ಅಂತ ಕೇಳಿ ಖುಷಿಯಾಗಿದ್ದೆ. ಆಮೇಲೆ ಗೊತ್ತಾಯ್ತು, ಕಾಯಿಲೆಯ ಮೊದಲ ಎರಡು ದಿನಕ್ಕೆ ದುಡ್ಡಿಲ್ಲ. ಮೈಗ್ರೇನ್ ಒಂದ್ಸಲ ಬಂದ್ರೆ ಇರೋದು 4 ಗಂಟೆಯಿಂದ 72 ಗಂಟೆ, ನನಗೆ ಹೆಚ್ಚು ಅಂದ್ರೆ ಒಂದೂವರೆ ದಿನ. ಹಂಗಾದ್ರೆ ನನ್ ಕಾಯಿಲೆ ಯಾವತ್ತೂ ಮೂರನೇ ದಿನಕ್ಕೆ ಬರೋದೇ ಇಲ್ಲ! 15 ದಿನದೊಳಗೆ ಮತ್ತೆ ಹುಷಾರು ತಪ್ಪಿದ್ರೆ ಆ ಎರಡು ದಿನದ ಕಟ್ಟು ಇಲ್ಲ ಅಂತ ಒಂದು ವಿನಾಯ್ತಿ ಇದೆ, ಆದ್ರೆ ಹಿಂದಿನ ಸಲದ್ದಕ್ಕೆ ದುಡ್ಡು ಬಂದಿದ್ರೆ ಮಾತ್ರ. ನನಗೆ ಮೊದಲನೇ ಸಲದ್ದೇ ಬರಲ್ವಲ್ಲ ಸಾರ್, ಎರಡನೇದಕ್ಕೆ ಎಲ್ಲಿಂದ ಬರುತ್ತೆ.

ಹುಷಾರಿಲ್ಲ ಅಂತ ಡಾಕ್ಟ್ರು ಕೊಡೋ ಸರ್ಟಿಫಿಕೇಟ್ ಕಥೆ ಬೇರೆ. ಕಣ್ಣು ಬಿಡೋಕಾಗದೇ ಇರೋ ಹೊತ್ತಲ್ಲಿ ಇಎಸ್‌ಐ ಡಿಸ್ಪೆನ್ಸರಿ ಕ್ಯೂ ನಿಲ್ಲೋಕೆ ಆಗಲ್ಲ, ಎದ್ದು ಹೋಗೋ ಅಷ್ಟು ಆದಾಗ ನೋಡೋರಿಗೆ ನಾನು ಚೆನ್ನಾಗೇ ಕಾಣ್ತೀನಿ. ಒಂದ್ಸಲ ಅಮ್ಮ ಆಟೋದಲ್ಲಿ ಕರ್ಕೊಂಡು ಹೋಗಿ, "ಒಸಿ ಬಿರ್ನೆ ನೋಡಿ ಸ್ವಾಮಿ, ಮಗಿ ನಿಂತ್ಕಳಕ್ಕಾಯ್ತಿಲ್ಲ" ಅಂತ ಬೇಡ್ಕೊಂಡ್ಲು, ನನಗೆ 34 ವರ್ಷ. ಪ್ಲಾಸ್ಟಿಕ್ ಕವರ್ ಬಾಯಿಗೆ ಹಿಡ್ಕೊಂಡು ಒಂದು ಗಂಟೆ ಕೂತಿದ್ದೆ. ಆ ಒಂದು ಚೀಟಿಗೋಸ್ಕರ.

ಇಎಸ್‌ಐ ಕಾನೂನು ಕೇಂದ್ರ ಸರ್ಕಾರದ್ದು ಅಂತ ಗೊತ್ತು ಸಾರ್. ಆದ್ರೆ ಇಎಸ್‌ಐ ನಿಗಮದಲ್ಲಿ ಪ್ರತಿ ರಾಜ್ಯದ್ದೂ ಒಬ್ಬ ಪ್ರತಿನಿಧಿ ಇರ್ತಾರೆ, ಡಿಸ್ಪೆನ್ಸರಿಗಳು ನಿಮ್ಮ ಇಲಾಖೆ ಕೈಲೇ ಇವೆ. ಮತ್ತೆ ಮತ್ತೆ ಬರೋ ಕಾಯಿಲೆ ಅಂತ ಸ್ಪೆಷಲಿಸ್ಟ್ ಒಂದ್ಸಲ ಬರೆದುಕೊಟ್ಟ ಮೇಲೆ ಆ ಎರಡು ದಿನದ ರೂಲ್ ಬಿಡಿ ಅಂತ ದಿಲ್ಲೀಲಿ ನಮ್ಮ ರಾಜ್ಯದ ಕಡೆಯಿಂದ ಕೇಳ್ಸಿ. ಅದಕ್ಕೆ ಟೈಮ್ ಹಿಡಿಯುತ್ತೆ, ಅಲ್ಲೀವರೆಗೂ ವರ್ಷಕ್ಕೊಂದ್ಸಲ ಕೊಟ್ಟ ಡಾಕ್ಟ್ರ ಚೀಟಿನೇ ಸಾಕು, ಪ್ರತಿ ಸಲ ಹೊಸದು ಕೇಳ್ಬೇಡಿ ಅಂತ ಫ್ಯಾಕ್ಟ್ರಿಗಳಿಗೆ ಒಂದು ಸುತ್ತೋಲೆ ಕಳ್ಸಿ. ರೆಸ್ಟ್ ರೂಮಿಗೆ ಒಂದು ಲೈಟ್ ಸ್ವಿಚ್ಚು, ಅದನ್ನ ಒತ್ತೋ ಪರ್ಮಿಷನ್ನೂ ಅದ್ರಲ್ಲೇ ಸೇರ್ಸಿ.

ಮುಟ್ಟಿನ ರಜೆಗೆ 2025ರ ಅಕ್ಟೋಬರಲ್ಲಿ ಕ್ಯಾಬಿನೆಟ್ ಒಪ್ಪಿದಾಗ, ತಿಂಗಳಿಗೊಂದು, ವರ್ಷಕ್ಕೆ 12, ಅದಕ್ಕೆ ಡಾಕ್ಟ್ರ ಚೀಟಿನೂ ಬೇಡ ಅಂದಾಗ, ನಮ್ಮ ಸೆಕ್ಷನ್ ಹೆಂಗಸ್ರು ಕ್ಯಾಂಟೀನಲ್ಲಿ ನಿಮ್ಮ ಬಗ್ಗೆನೇ ಮಾತಾಡಿದ್ರು. ಹೆಂಗಸ್ರ ಮಾತು ನಂಬೋಕಾಗುತ್ತೆ ಅಂತ ನೀವೇ ತೋರ್ಸಿದ್ರಿ. ಇನ್ನು ಸರ್ಕಾರಕ್ಕೆ ತಲೆನೋವಿನ ಬಗ್ಗೆ ಗೊತ್ತಿಲ್ಲ ಅನ್ನೋಂಗೂ ಇಲ್ಲ. ನಿಮ್ಹಾನ್ಸ್ ಜೊತೆ 2022ರಲ್ಲಿ ಶುರು ಮಾಡಿದ ಬ್ರೈನ್ ಹೆಲ್ತ್ ಕಾರ್ಯಕ್ರಮದಲ್ಲಿ ಪಾರ್ಶ್ವವಾಯು, ಮೂರ್ಛೆರೋಗದ ಜೊತೆ ತಲೆನೋವೂ ಇದೆ. ಆರೋಗ್ಯ ಇಲಾಖೆಗೆ ಅದು ಕಾಯಿಲೆ, ನಮ್ಮ ಮ್ಯಾನೇಜರ್‌ಗೆ ಅದು ನೆಪ, ನಿಮ್ಮ ಇಲಾಖೆಗೆ ಏನು ಅಂತ ತಿಳ್ಕೊಳ್ಳೋ ಆಸೆ ನನಗೆ.

ಇದನ್ನ ಫೋನಿನ ಬ್ರೈಟ್‌ನೆಸ್ ಪೂರ್ತಿ ಇಳ್ಸಿ ನಾಲ್ಕು ದಿನ ಸ್ವಲ್ಪ ಸ್ವಲ್ಪವಾಗಿ ಟೈಪ್ ಮಾಡಿದೀನಿ, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಉತ್ತರ ಬರೆಸೋದಾದ್ರೆ ಅಕ್ಷರ ಒಸಿ ದಪ್ಪಕ್ಕಿರ್ಲಿ ಸಾರ್.

ಇಂತಿ,
ಮಂಡ್ಯ–ಮೈಸೂರು ಟ್ರೇನಲ್ಲಿ ದಿನಾ ಓಡಾಡೋ ಒಬ್ಳು ಕೆಲಸಗಾರ್ತಿ