ಚಿನ್ನದೂರಿನ ಚಿಕ್ಕ ಮನೆಗಳು

ಕ್ವೀನ್ಸ್‌ಟೌನ್, ನ್ಯೂಜಿಲೆಂಡ್

ಅಪ್ಪ, ಅಮ್ಮನಿಗೆ ನಮಸ್ಕಾರಗಳು.

ನಾನು ಚೆನ್ನಾಗಿದ್ದೇನೆ. ಚಳಿ ಜಾಸ್ತಿ, ಅಮ್ಮ ಕೊಟ್ಟ ಸ್ವೆಟರ್ ಮೈಮೇಲೇ ಇದೆ.

ಭಾನುವಾರ ಪಕ್ಕದ ಆರೋಟೌನ್‌ಗೆ ಹೋಗಿದ್ದೆ. 1862ರಲ್ಲಿ ಆರೋ ಹೊಳೆಯಲ್ಲಿ ಚಿನ್ನ ಸಿಕ್ಕಿತಂತೆ, ಅದರಿಂದಲೇ ಹುಟ್ಟಿದ ಊರು. ನಮ್ಮ ಕೆಜಿಎಫ್ ಥರ ಆಳದ ಗಣಿಯಲ್ಲ. ಹೊಳೆಯ ಮರಳು ಜಾಲಿಸಿ ತೆಗೆಯುತ್ತಿದ್ದರು.

ಬಕಿಂಗ್‌ಹ್ಯಾಮ್ ರಸ್ತೆಯಲ್ಲಿ ಆ ಕಾಲದ ಪುಟ್ಟ ಮರದ ಮನೆಗಳು ಸಾಲಾಗಿವೆ, ಮುಂದೆ ದೊಡ್ಡ ದೊಡ್ಡ ಮರಗಳು. ಬಂದವರೆಲ್ಲ ಅಲ್ಲೇ ಫೋಟೋ ತೆಗೆಯುತ್ತಾರೆ. ನಾನು ಜಾಸ್ತಿ ಹೊತ್ತು ಇದ್ದದ್ದು ಊರಂಚಿನಲ್ಲಿ, ಬುಷ್ ಕ್ರೀಕ್ ಅನ್ನೋ ತೊರೆಯ ದಡದಲ್ಲಿ. ಚೀನೀಯರ ಗುಡಿಸಲುಗಳು ಇರೋದು ಅಲ್ಲಿ.

ಬಿಳಿಯರು ಬೇರೆ ಕಡೆ ಚಿನ್ನ ಸಿಕ್ಕಿತೆಂದು ಓಡಿದಾಗ ಈ ಪ್ರಾಂತ್ಯದ ವ್ಯಾಪಾರಿಗಳೇ ಚೀನೀಯರನ್ನು ಕರೆಸಿದರು. 1866ರಿಂದ ಬರತೊಡಗಿದರು. ಬೇರೆಯವರು ಬಿಟ್ಟುಹೋದ ಮರಳನ್ನೇ ಮತ್ತೆ ಜಾಲಿಸಿದರು.

ಗುಡಿಸಲು ಅಂದರೆ ಕಲ್ಲು, ಮಣ್ಣು, ತಗಡು, ಕೈಗೆ ಸಿಕ್ಕಿದ್ದು. ಒಂದಂತೂ ಬಂಡೆಗೇ ಆತುಕೊಂಡಿದೆ, ಒಂದು ಕಡೆಯ ಗೋಡೆ ಕಟ್ಟುವ ಖರ್ಚೇ ಇಲ್ಲ! ಬಾಗಿಲಲ್ಲಿ ತಲೆ ಬಗ್ಗಿಸಲೇಬೇಕು. ಒಳಗೆ ಒಂದು ಮಂಚ, ಒಂದು ಒಲೆ ಹಿಡಿದರೆ ಹೆಚ್ಚು. ಬಹಳಷ್ಟು ಕುಸಿದು ಹೋಗಿದ್ದವು. 1983ರಲ್ಲಿ ನೆಲ ಅಗೆದು ನೋಡಿ, ಆಮೇಲೆ ಕೆಲವನ್ನು ಮತ್ತೆ ಎಬ್ಬಿಸಿದ್ದಾರೆ. ಅಹ್ ಲಮ್ ಎಂಬ ಚೀನೀಯರ ಕಲ್ಲಿನ ಅಂಗಡಿ ಮಾತ್ರ ಗಟ್ಟಿಯಾಗಿ ಉಳಿದಿತ್ತು. ಅವರ ಜನಕ್ಕೆ ದಿನಸಿ, ಬ್ಯಾಂಕು, ಹರಟೆಕಟ್ಟೆ ಎಲ್ಲ ಅದೇ.

ಬಡವರು, ಅದಕ್ಕೇ ಚಿಕ್ಕ ಮನೆ ಅಂದುಬಿಟ್ಟರೆ ಅರ್ಧ ಸುಳ್ಳು. 1881ರಲ್ಲಿ ಈ ದೇಶಕ್ಕೆ ಬರುವ ಚೀನೀಯರಿಗೆ ಮಾತ್ರ ತಲೆಗೆ 10 ಪೌಂಡ್ ತೆರಿಗೆ ಹಾಕಿದರು, 1896ರಲ್ಲಿ ಅದು 100 ಆಯಿತು. ಹೆಂಡತಿ ಮಕ್ಕಳನ್ನು ಕರೆಸೋದು ಹೇಗೆ? ಒಂಟಿ ಗಂಡಸಿಗೆ ಎಷ್ಟು ಜಾಗ ಬೇಕೋ ಅಷ್ಟೇ ಕಟ್ಟಿಕೊಂಡರು. ಸತ್ತ ಮೇಲಾದರೂ ಊರು ಸೇರಲೆಂದು 499 ಜನರ ಅಸ್ಥಿಯನ್ನು 1902ರಲ್ಲಿ ವೆಂಟ್ನರ್ ಹಡಗಿಗೆ ಹಾಕಿದರಂತೆ. ಅದೂ ಈ ದೇಶದ ಕರಾವಳಿ ದಾಟುವ ಮುಂಚೆಯೇ ಮುಳುಗಿತು.

ಅಪ್ಪ, ನಿಮ್ಮ ಚಿಕ್ಕಪ್ಪ ಕೆಜಿಎಫ್‌ನಲ್ಲಿ ಲೈನ್ ಮನೆಯಲ್ಲಿದ್ದರು ಅಲ್ವಾ? ಅವರ ಮನೆಮಂದಿಯೆಲ್ಲ ಅಲ್ಲೇ ಇದ್ದರಾ, ಇಲ್ಲ ಅವರೊಬ್ಬರೇ ಇದ್ದರಾ? ಸುಮ್ನೆ ಕೇಳಿದೆ. ಫೋನ್ ಮಾಡಿದಾಗ ಹೇಳಿ. ಅಮ್ಮನ ಮಂಡಿ ನೋವು ಈಗ ಹೇಗಿದೆ ಅಂತಲೂ ತಿಳಿಸಿ.

ನಿಮ್ಮ ಮಗ