ಅಟ್ಟದ ಕೊಬ್ಬರಿ ಅಟ್ಟದಲ್ಲೇ ಇರಲಿ

ಲೆಸ್ಟರ್, ಇಂಗ್ಲೆಂಡ್
26 ಫೆಬ್ರವರಿ 2023, ಭಾನುವಾರ

ತೀರ್ಥರೂಪು ಅಪ್ಪನವರಿಗೆ ಮತ್ತು ಮಾತೃಶ್ರೀ ಅಮ್ಮನವರಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾವು ಮೂವರೂ ಇಲ್ಲಿ ಕ್ಷೇಮ. ನಿಮ್ಮೆಲ್ಲರ ಕ್ಷೇಮಕ್ಕೆ ಬರೆಯುತ್ತಿರಬೇಕೆಂದು ಕೋರುತ್ತೇನೆ.

ಕಳೆದ ಭಾನುವಾರದ ವಿಡಿಯೊ ಕರೆಯಲ್ಲಿ ನಾನು ಮನೆಯೊಳಗೇ ಕೋಟು ತೊಟ್ಟು ಕುಳಿತಿದ್ದನ್ನು ಕಂಡು ಅಮ್ಮ ಕಾರಣ ಕೇಳಿದಾಗ, ಈಗಷ್ಟೇ ಹೊರಗಿನಿಂದ ಬಂದೆ ಎಂದು ಹೇಳಿದ್ದೆ. ಅದು ಸುಳ್ಳು. ಅಂದು ನಮ್ಮ ನಡುಮನೆಯಲ್ಲಿ 14 ಡಿಗ್ರಿ ಇತ್ತು, ಸಂಜೆ ಐದರವರೆಗೆ ಹೀಟರ್ ಹಾಕುವುದಿಲ್ಲವೆಂದು ನಾವೇ ಮಾಡಿಕೊಂಡ ಕಟ್ಟುಪಾಡಿನ ಪ್ರಕಾರ ಬೆಳಗ್ಗೆಯಿಂದಲೂ ನಾನು ಕೋಟಿನಲ್ಲಿಯೇ ಇದ್ದೆ. ಅಮ್ಮ ನನ್ನ ಮಾತನ್ನು ನಂಬಲಿಲ್ಲವೆಂಬುದೂ, ಅಪ್ಪ ಅಟ್ಟದ ಮೇಲಿನ ಕೊಬ್ಬರಿಯನ್ನು ಈಗಲೇ ಇಳಿಸಿ, ಸುಲಿಸಿ, ತಿಪಟೂರಿಗೆ ಹಾಕಿ ನಮಗೆ ಹಣ ಕಳಿಸುವ ಆಲೋಚನೆಯಲ್ಲಿದ್ದಾರೆಂಬುದೂ ಎರಡು ದಿನದ ಮೇಲೆ ಅಣ್ಣ ಫೋನು ಮಾಡಿದಾಗ ತಿಳಿಯಿತು. ಫೋನಿನಲ್ಲಿ ಈ ವಿಷಯವನ್ನು ಎತ್ತಿದರೆ ನೀವು ಮಾತು ತಿರುಗಿಸುತ್ತೀರಿ, ನಾನು ಅತ್ತುಬಿಡುತ್ತೇನೆ. ಆದ್ದರಿಂದ ನಮ್ಮ ಮನೆಯ ಲೆಕ್ಕವನ್ನೆಲ್ಲ ಮುಚ್ಚುಮರೆಯಿಲ್ಲದೆ ಕಾಗದದಲ್ಲಿ ಬರೆಯಲು ಕುಳಿತಿದ್ದೇನೆ.

ಮೊದಲು ಕೊಬ್ಬರಿಯ ಮಾತು. ಉಂಡೆ ಕೊಬ್ಬರಿಗೆ ಈ ವರ್ಷ ಕ್ವಿಂಟಾಲಿಗೆ 11,750 ರೂಪಾಯಿ ಬೆಂಬಲ ಬೆಲೆ ಗೊತ್ತುಮಾಡಿದ್ದಾರೆಂದು ಅಪ್ಪನೇ ಹೇಳಿದ್ದರು. ಎರಡು ವರ್ಷದ ಹಿಂದಿನ ದರದ ಮುಂದೆ ಅದು ಎಷ್ಟು ಕಡಿಮೆ ಎಂಬುದನ್ನು ನಾನು ಅವರಿಗೆ ಹೇಳಿಕೊಡಬೇಕಾಗಿಲ್ಲ. ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಕಾದ ಕಾಯನ್ನು ದರ ಬಿದ್ದಿರುವ ಹೊತ್ತಿನಲ್ಲಿ ಅವಸರದಿಂದ ಇಳಿಸಿ, ಆ ಹಣವನ್ನು ಪೌಂಡಿಗೆ ಸುಮಾರು ನೂರು ರೂಪಾಯಿಯಂತೆ ಪರಿವರ್ತಿಸಿದರೆ ನಮ್ಮ ಎರಡು ತಿಂಗಳ ಗ್ಯಾಸು ಕರೆಂಟಿನ ಬಿಲ್ಲಿಗೆ ಬಂದೀತು, ಅಷ್ಟೇ. ನಿಮ್ಮ ವರ್ಷದ ಗಂಟು ನಮ್ಮ ಎರಡು ತಿಂಗಳ ಬೆಚ್ಚನೆಗೆ ಉರಿದುಹೋಗುವುದು ನನಗೆ ಒಪ್ಪಿಗೆಯಿಲ್ಲ, ನಿಮ್ಮ ಅಳಿಯಂದಿರಿಗಂತೂ ಮೊದಲೇ ಇಲ್ಲ.

ಇನ್ನು ಇಲ್ಲಿಯ ಲೆಕ್ಕ. ಕ್ರಿಸ್ಮಸ್ ಮುಗಿದ ಮೇಲೆ ಅವರ ಗೋದಾಮಿನಲ್ಲಿ ಓವರ್‌ಟೈಮ್ ನಿಂತಿದೆ, ಸಂಬಳದ ಅರ್ಧಕ್ಕಿಂತ ಹೆಚ್ಚು ಬಾಡಿಗೆಗೆ ಹೋಗುತ್ತದೆ, ನಮ್ಮ ವೀಸಾದ ಕರಾರಿನಂತೆ ಸರ್ಕಾರದ ಭತ್ಯೆಗಳು ನಮಗೆ ಸಲ್ಲುವುದಿಲ್ಲ. ಕಳೆದ ಅಕ್ಟೋಬರಿನಲ್ಲಿ ಈ ದೇಶದ ಬೆಲೆಯೇರಿಕೆ ಶೇಕಡಾ 11.1ಕ್ಕೆ ಮುಟ್ಟಿ, ನಲವತ್ತೊಂದು ವರ್ಷಗಳಲ್ಲಿ ಇಷ್ಟು ಏರಿರಲಿಲ್ಲವೆಂದು ಎಲ್ಲರೂ ಮಾತನಾಡಿಕೊಂಡರು. ಜನವರಿಯಲ್ಲಿ ಅದು ಕೊಂಚ ಇಳಿದರೂ ಆಹಾರ ಪದಾರ್ಥಗಳ ಏರಿಕೆ ಮಾತ್ರ ಶೇಕಡಾ 16.7ರಲ್ಲಿಯೇ ನಿಂತಿದೆ. ಕಳೆದ ವರ್ಷದ ಆರಂಭದಲ್ಲಿ 1 ಪೌಂಡ್ 15 ಪೆನ್ಸ್ ಕೊಡುತ್ತಿದ್ದ ನಾಲ್ಕು ಪಿಂಟಿನ, ಅಂದರೆ ಎರಡೂಕಾಲು ಲೀಟರಿನ ಹಾಲಿನ ಡಬ್ಬಕ್ಕೆ ಈಗ 1 ಪೌಂಡ್ 65 ಪೆನ್ಸ್ ಕೊಡುತ್ತಿದ್ದೇನೆ. ಕರೆಂಟು ಯೂನಿಟ್ಟಿಗೆ 34 ಪೆನ್ಸ್, ಗ್ಯಾಸಿಗೆ ಹತ್ತು ಚಿಲ್ಲರೆ ಪೆನ್ಸ್. ಇವಲ್ಲದೆ ಒಂದು ದೀಪವನ್ನೂ ಹಚ್ಚದಿದ್ದರೂ ಎರಡು ಮೀಟರುಗಳೂ ಸೇರಿ ದಿನಕ್ಕೆ ಮುಕ್ಕಾಲು ಪೌಂಡಿನಷ್ಟು ಸ್ಥಿರ ಶುಲ್ಕವನ್ನು ತಿನ್ನುತ್ತವೆ. ಒಂದು ಮನೆಯ ಬಿಲ್ಲು ವರ್ಷಕ್ಕೆ 2,500 ಪೌಂಡನ್ನು ದಾಟದಂತೆ ಸರ್ಕಾರ ತಡೆದಿದೆಯೆಂದು ನಾವೂ ಮೊದಲು ತಪ್ಪು ತಿಳಿದಿದ್ದೆವು. ಅದು ಸಾಧಾರಣ ಮನೆಯೊಂದರ ಅಂದಾಜು, ತಡೆ ಇರುವುದು ಯೂನಿಟ್ ದರಕ್ಕೆ ಮಾತ್ರ, ಹೆಚ್ಚು ಉರಿಸಿದರೆ ಹೆಚ್ಚು ತೆರಲೇಬೇಕು. ಕರೆಂಟಿನ ಖಾತೆಯುಳ್ಳ ಎಲ್ಲ ಮನೆಗಳಿಗೂ ಅಕ್ಟೋಬರಿನಿಂದ ಆರು ಕಂತಿನಲ್ಲಿ ಕೊಡುತ್ತಿರುವ 400 ಪೌಂಡು ನಮಗೂ ಬರುತ್ತಿದೆ, ಅದೂ ಮುಂದಿನ ತಿಂಗಳಿಗೆ ಮುಗಿಯುತ್ತದೆ.

ಈ ಲೆಕ್ಕವನ್ನು ಓದಿ ಗಾಬರಿಪಡಬೇಡಿ. ಇಷ್ಟರಲ್ಲಿಯೂ ಮೂರು ಹೊತ್ತು ಬಿಸಿಯಾಗಿ ಉಣ್ಣುತ್ತಿದ್ದೇವೆ, ಅದು ಹೇಗೆಂದು ಹೇಳುವುದಕ್ಕಾಗಿಯೇ ಉಳಿದ ಕಾಗದವನ್ನು ಇಟ್ಟುಕೊಂಡಿದ್ದೇನೆ.

ಪಕ್ಕದ ಮನೆಯ ಅಜ್ಜಿಯ ಬಗ್ಗೆ ಹಿಂದೆ ಹೇಳಿದ್ದೆನಲ್ಲ, ಒಬ್ಬರೇ ಇದ್ದಾರೆ, ಎಂಬತ್ತಾರು ವರ್ಷ. 1940ರ ಜನವರಿಯಲ್ಲಿ ಯುದ್ಧಕಾಲದ ರೇಷನ್ ಆರಂಭವಾದಾಗ ಅವರಿಗೆ ಮೂರು ವರ್ಷ, 1954ರ ಜುಲೈಯಲ್ಲಿ ಮಾಂಸದ ರೇಷನ್ ಎತ್ತಿ ಅದಕ್ಕೆ ಕೊನೆ ಹಾಡಿದಾಗ ಹದಿನೇಳು. ಬಾಲ್ಯವೆಲ್ಲ ಚೀಟಿ ಪುಸ್ತಕದಲ್ಲಿಯೇ ಕಳೆಯಿತು. ಒಬ್ಬರಿಗೆ ವಾರಕ್ಕೆ ಐವತ್ತೇಳು ಗ್ರಾಮಿನಷ್ಟು ಚಹಾಪುಡಿ, ಅಷ್ಟೇ ಬೆಣ್ಣೆ, ಕಾಲು ಕಿಲೋಗಿಂತ ಕಡಿಮೆ ಸಕ್ಕರೆ. ಯುದ್ಧ ನಡೆಯುವಾಗ ಇಲ್ಲದಿದ್ದ ಬ್ರೆಡ್ಡಿನ ರೇಷನ್ನು ಯುದ್ಧ ಗೆದ್ದ ಮೇಲೆ, 1946ರಲ್ಲಿ ಬಂದಿತೆಂದು ಹೇಳುವಾಗ ಅವರಿಗೆ ಇಂದಿಗೂ ಕೋಪ ಬರುತ್ತದೆ. ಗ್ಯಾಸಿನ ದರದ ಬಗ್ಗೆ ನಾನು ಅಳಲು ತೋಡಿಕೊಂಡಾಗ ಅವರು ನಕ್ಕು, ತಮ್ಮ ತಾಯಿ ಒಣಹುಲ್ಲು ತುಂಬಿದ ಮರದ ಪೆಟ್ಟಿಗೆಯಲ್ಲಿ ಅಡುಗೆ ಮಾಡುತ್ತಿದ್ದುದನ್ನು ವಿವರಿಸಿದರು. ಪಾತ್ರೆಯನ್ನು ಒಲೆಯ ಮೇಲೆ ಚೆನ್ನಾಗಿ ಕುದಿಸಿ, ಮುಚ್ಚಿ, ಹುಲ್ಲಿನೊಳಗೆ ಹೂತಿಟ್ಟರೆ ತನ್ನ ಶಾಖದಲ್ಲಿ ತಾನೇ ಬೇಯುತ್ತದೆ. ಉರುವಲು ಉಳಿಸಲು ಅಂದಿನ ಸರ್ಕಾರವೇ ಇದನ್ನು ಹೆಂಗಸರಿಗೆ ಹೇಳಿಕೊಡುತ್ತಿತ್ತಂತೆ. ಕೇಳುತ್ತ ಕೇಳುತ್ತ ನನಗೆ ನಮ್ಮ ಅಜ್ಜಿಯದೇ ನೆನಪು. ರಾತ್ರಿ ಊಟವಾದ ಮೇಲೆ ಒಲೆಯ ಕೆಂಡದ ಮೇಲೆ ಬೂದಿ ಮುಚ್ಚಿ, ಹುರಳಿಯ ಮಡಕೆ ಇಟ್ಟು ಮಲಗಿದರೆ ಬೆಳಗಿನ ಹೊತ್ತಿಗೆ ಕಾಳು ಬೆಣ್ಣೆಯಂತಾಗಿರುತ್ತಿತ್ತಲ್ಲವೇ?

ನಮ್ಮಲ್ಲಿ ಹುಲ್ಲಿಲ್ಲ. ಟಿವಿ ಬಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಕತ್ತರಿಸಿ ಚಿಕ್ಕದು ಮಾಡಿ, ತಳಕ್ಕೆ ಹಳೆಯ ಸ್ವೆಟರುಗಳನ್ನು ಒತ್ತಿ, ನಡುವೆ ಪಾತ್ರೆ ಕೂರುವಷ್ಟು ಗುಳಿ ಬಿಟ್ಟು, ಮೇಲೆ ನೀವು ಮದುವೆಯಲ್ಲಿ ಕೊಟ್ಟ ಕೆಂಪು ರಗ್ಗನ್ನು ನಾಲ್ಕು ಮಡಿಕೆ ಮಾಡಿ ಹೊದಿಸುತ್ತೇನೆ. ಮೊದಲ ದಿನ ತೊಗರಿಬೇಳೆ ಇಟ್ಟು, ಅಮ್ಮನ ಮಗಳಾದ ತಪ್ಪಿಗೆ, ಅರ್ಧ ಗಂಟೆಗೊಮ್ಮೆ ಮುಚ್ಚಳ ತೆಗೆದು ನೋಡಿದೆ. ಬೇಳೆ ಕಲ್ಲಿನಂತೆಯೇ ಇತ್ತು. ಎರಡನೆಯ ಸಲ ಪಾತ್ರೆಯಲ್ಲಿ ಅರ್ಧದಷ್ಟು ಮಾತ್ರ ಇಟ್ಟಿದ್ದರಿಂದ ಬೇಗ ಆರಿಹೋಯಿತು. ಈಗ ಪಾಠವಾಗಿದೆ. ನೆನೆಸಿದ ಬೇಳೆಯನ್ನು ಪಾತ್ರೆಯ ಕಂಠದವರೆಗೆ ಇಟ್ಟು, ಹದಿನೈದು ನಿಮಿಷ ಕುದಿಸಿ, ಮೂರು ಗಂಟೆ ಆ ಕಡೆ ತಲೆ ಹಾಕದಿದ್ದರೆ ಕಡೆಗೋಲಿಗೆ ಸಿಕ್ಕುವಷ್ಟು ಬೇಯುತ್ತದೆ, ಆಮೇಲೆ ಸಾರಿಗೆ ಮತ್ತೊಮ್ಮೆ ಕುದಿಸುವುದು ಇದ್ದೇ ಇದೆ. ಅನ್ನಕ್ಕೆ ಐದು ನಿಮಿಷದ ಕುದಿ, ಮುಕ್ಕಾಲು ಗಂಟೆ ಪೆಟ್ಟಿಗೆ. ರಾಜ್ಮಾ ಮಾತ್ರ ಮೊದಲು ಹತ್ತು ನಿಮಿಷವಾದರೂ ಕೊತಕೊತ ಕುದಿಯದೆ ಒಳಗೆ ಹೋಗಕೂಡದು, ಅರೆಬೆಂದ ಆ ಕಾಳು ಹೊಟ್ಟೆಗೆ ವಿಷ. ಚಳಿಯಲ್ಲಿ ಹೆಪ್ಪಾಗದೆ ನವೆಂಬರಿನಿಂದ ನನ್ನನ್ನು ಸತಾಯಿಸುತ್ತಿದ್ದ ಮೊಸರು ಕೂಡ ಈ ಪೆಟ್ಟಿಗೆಯಲ್ಲಿ ಒಂದು ರಾತ್ರಿ ಕಳೆದು, ಕತ್ತಿಯಲ್ಲಿ ಕೊಯ್ಯುವಂತೆ ಗಟ್ಟಿಯಾಗುತ್ತಿದೆ.

ದಿನಸಿಗೆ ಗುಜರಾತಿಗಳ ಬೆಲ್‌ಗ್ರೇವ್ ರಸ್ತೆಗೆ ತಿಂಗಳಿಗೊಮ್ಮೆ ನಡೆದೇ ಹೋಗುತ್ತೇವೆ. ರಾಗಿ ಹಿಟ್ಟು ಅಲ್ಲಿ ನಾಗ್ಲಿ, ಹುರಳಿ ಕಳ್ಥಿ, ಹಿದಕುವ ಕೆಲಸವಿಲ್ಲದೆ ಸಿಗುವ ಫ್ರೀಜರಿನ ಅವರೆಕಾಳು ಪಾಪ್ಡಿ ಲೀಲ್ವಾ. ಈ ಮೂರು ಹೆಸರು ಗೊತ್ತಾದ ದಿನದಿಂದ ನಮ್ಮ ಅಡುಗೆಮನೆ ತಿಪಟೂರು ಸೀಮೆಗೆ ಮರಳಿದೆ. ತರಕಾರಿಗೆ ಮಾತ್ರ ಶನಿವಾರ ಸಂಜೆ ಊರಿನ ಸಂತೆಗೆ ಹೋಗುತ್ತೇನೆ. ಅಂಗಡಿ ಕಟ್ಟುವ ಹೊತ್ತಿಗೆ ಸ್ಟೀಲ್ ಬಟ್ಟಲಿನಲ್ಲಿ ರಾಶಿ ಹಾಕಿ, ಬಟ್ಟಲಿಗೆ ಒಂದು ಪೌಂಡೆಂದು ಕೂಗುತ್ತಾರೆ. ಹೂಕೋಸಿನ ಸುತ್ತಲಿನ ಎಲೆಗಳನ್ನು ಮುರಿದು ಕಸಕ್ಕೆ ಎಸೆಯುವುದನ್ನು ಕಂಡು, ನಾಚಿಕೆ ಬಿಟ್ಟು ಕೇಳಿದೆ. ಆತ ಮೊಲ ಸಾಕಿದ್ದೀರಾ ಎಂದು ಕೇಳಿ ಒಂದು ಚೀಲ ತುಂಬಿಸಿಯೇ ಕೊಟ್ಟ. ಹೌದೆಂದು ತಲೆಯಾಡಿಸಿ ಬಂದೆ. ಆ ಮೊಲಗಳು ಆ ರಾತ್ರಿ ಬಸ್ಸಾರು ಮುದ್ದೆ ಉಂಡವು.

ಬಸ್ಸಾರಿನಷ್ಟು ಲೆಕ್ಕಾಚಾರದ ಅಡುಗೆ ಇನ್ನೊಂದಿಲ್ಲವೆಂಬುದು ನನಗೆ ಅರ್ಥವಾಗಲು ಇಷ್ಟು ದೂರ ಬರಬೇಕಾಯಿತು. ಹೂಕೋಸಿನ ಎಲೆಯ ದಪ್ಪ ನರವನ್ನು ಸಣ್ಣಗೆ ಹೆಚ್ಚಿ, ಹೆಸರುಕಾಳಿನ ಜೊತೆ ಬೇಯಿಸಿ, ಕಟ್ಟನ್ನು ಬಸಿದುಕೊಂಡು, ಒಂದು ಹಿಡಿ ಬೆಂದ ಸೊಪ್ಪು ಕಾಳನ್ನು ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆಯ ಜೊತೆ ರುಬ್ಬಿ ಆ ಕಟ್ಟಿಗೆ ಕದಡಿ ಕುದಿಸಿದರೆ ಸಾರು, ಉಳಿದದ್ದಕ್ಕೆ ಒಗ್ಗರಣೆ ಕೊಟ್ಟರೆ ಪಲ್ಯ. ಒಂದೇ ಉರಿ, ಒಂದೇ ಪಾತ್ರೆ, ಬಸಿದ ನೀರೂ ಚೆಲ್ಲುವುದಿಲ್ಲ. ತೆಂಗಿನಕಾಯಿ ಮಾತ್ರ ಎರಡು ಚಮಚಕ್ಕೆ ಇಳಿದಿದೆ. ತೋಟದವರ ಮಗಳು ಹೀಗೆ ಬರೆಯುತ್ತಿರುವುದನ್ನು ಓದಿ ಅಪ್ಪ ನಗಬಹುದು.

ಈ ವಾರ ಇಲ್ಲಿ ಟೊಮೆಟೊಗೆ ಬರ. ಸ್ಪೇನಿನ ದಕ್ಷಿಣದಲ್ಲಿಯೂ ಮೊರಾಕೊದಲ್ಲಿಯೂ ಚಳಿ ಬಿದ್ದು ಫಸಲು ಕೈಕೊಟ್ಟಿದೆ, ಗ್ಯಾಸು ದುಬಾರಿಯಾದ್ದರಿಂದ ಇಲ್ಲಿಯ ಗಾಜಿನಮನೆ ರೈತರೂ ಬೆಳೆಯನ್ನು ಕಡಿಮೆ ಮಾಡಿದ್ದಾರೆ. ದೊಡ್ಡ ಅಂಗಡಿಗಳಲ್ಲಿ ಒಬ್ಬರಿಗೆ ಮೂರೇ ಪೊಟ್ಟಣವೆಂದು ಚೀಟಿ ಅಂಟಿಸಿದ್ದಾರೆ. ಪರಿಸರ ಖಾತೆಯ ಸಚಿವೆ ಥೆರೇಸ್ ಕಾಫಿಯವರು ಗುರುವಾರ ಪಾರ್ಲಿಮೆಂಟಿನಲ್ಲಿ ಆಯಾ ಕಾಲದಲ್ಲಿ ಈ ನೆಲದಲ್ಲಿ ಬೆಳೆಯುವುದನ್ನು ತಿನ್ನಬೇಕೆಂಬ ಅರ್ಥದಲ್ಲಿ ಟರ್ನಿಪ್ಪಿನ ಹೆಸರೆತ್ತಿದ್ದೇ ತಡ, ದೇಶವೆಲ್ಲ ನಗಾಡುತ್ತಿದೆ. ನನಗೇನೋ ಆಕೆ ಹೇಳಿದ ಜಾಗ ತಪ್ಪಾದರೂ ಮಾತು ಅಷ್ಟು ತಪ್ಪೆನಿಸಲಿಲ್ಲ. ಟರ್ನಿಪ್ ನಮ್ಮ ನವಿಲುಕೋಸಿನ ದೂರದ ಬಂಧುವಿನಂತಿದೆ, ಹುಳಿಗೆ ಚೆನ್ನಾಗಿಯೇ ಒಗ್ಗುತ್ತದೆ. ಟೊಮೆಟೊ ಇಲ್ಲದಿದ್ದರೆ ಹುಣಸೆ ಇದೆ. ಚಿತ್ರಾನ್ನಕ್ಕೆ ಮಾವಿನಕಾಯಿಯ ಬದಲು ಬ್ರಾಮ್ಲಿ ಎಂಬ ಹುಳಿ ಸೇಬನ್ನು ತುರಿದು ಹಾಕುತ್ತೇನೆ. ಇಲ್ಲಿಂದ ಒಂದು ಗಂಟೆ ದಾರಿಯ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಒಬ್ಬ ಹುಡುಗಿ ಬಿತ್ತಿದ ಬೀಜದಿಂದ ಹುಟ್ಟಿದ ತಳಿಯಂತೆ. ಕಣ್ಣು ಮುಚ್ಚಿ ತಿಂದರೆ ಯುಗಾದಿ ಬಂದಿತೇ ಎನಿಸುತ್ತದೆ. ಸಂಜೆ ಹಳದಿ ಚೀಟಿ ಹಚ್ಚಿ ಅರ್ಧ ಬೆಲೆಗೆ ಮಾರುವ ಬ್ರೆಡ್ಡು ಮರುದಿನ ಉಪ್ಪಿಟ್ಟಾಗುತ್ತದೆ. ಮಗುವಿಗೆ ಮಧ್ಯಾಹ್ನದ ಊಟ ಶಾಲೆಯಲ್ಲಿಯೇ ಪುಕ್ಕಟೆ, ಎರಡನೆಯ ತರಗತಿಯವರೆಗೆ ಎಲ್ಲ ಮಕ್ಕಳಿಗೂ ಕೊಡುತ್ತಾರೆ. ಶಾಲೆ ಬಿಟ್ಟ ಮೇಲೆ ಐದರವರೆಗೆ ನಾವಿಬ್ಬರೂ ಲೈಬ್ರರಿಯಲ್ಲಿ ಕೂರುತ್ತೇವೆ. ಈ ಚಳಿಗಾಲದಲ್ಲಿ ದೇಶದ ಅನೇಕ ಲೈಬ್ರರಿಗಳು ಮೈ ಬೆಚ್ಚಗೆ ಮಾಡಿಕೊಳ್ಳಲು ಬರುವವರಿಗೂ ಬಾಗಿಲು ತೆರೆದಿವೆ.

ಎಲ್ಲ ಉಳಿತಾಯವೂ ಉಳಿತಾಯವಲ್ಲವೆಂಬುದನ್ನು ಮರೆಮಾಚಿದರೆ ಈ ಕಾಗದವೂ ಕೋಟಿನ ಸುಳ್ಳಿನಂತಾದೀತು. ಡಿಸೆಂಬರಿನಲ್ಲಿ ಶಾಖ ಹೊರಗೆ ಹೋಗಬಾರದೆಂದು ಕಿಟಕಿಗಳನ್ನೆಲ್ಲ ಬಿಗಿದು, ಒಗೆದ ಬಟ್ಟೆಯನ್ನೂ ಒಳಗೇ ಹರವಿ, ಅಡುಗೆಯ ಹಬೆಯನ್ನೂ ಒಳಗೇ ಇಟ್ಟುಕೊಂಡೆ. ಮಗು ಮಲಗುವ ಮೂಲೆಯ ಗೋಡೆಯಲ್ಲಿ ಕರಿ ಬೂಷ್ಟು ಹಿಡಿದು, ಅವನಿಗೆ ಮೂರು ವಾರ ಕೆಮ್ಮು. ಗೋಡೆಯನ್ನು ಬ್ಲೀಚಿನಿಂದ ಒರೆಸಿ ಮಂಚ ಈಚೆಗೆಳೆದೆವು. ಈಗ ಎಷ್ಟೇ ಚಳಿಯಿರಲಿ, ಅಡುಗೆಯಾದ ಮೇಲೆ ಹತ್ತು ನಿಮಿಷ ಕಿಟಕಿ ತೆರೆಯುತ್ತೇನೆ, ಅವನ ಕೋಣೆಯ ಹೀಟರಿನಲ್ಲಿ ಜುಗ್ಗತನ ಮಾಡುವುದಿಲ್ಲ. ಮಾಡಿದ ತಪ್ಪಿಗೆ ಅಂದು ರಾತ್ರಿ ಅತ್ತಿದ್ದೇನೆ, ನಿಮಗೆ ಹೇಳಿರಲಿಲ್ಲ.

ಅಪ್ಪ, ಮಾರ್ಚ್ ಕಳೆದರೆ ಬಿಸಿಲು ಬರುತ್ತದೆ, ಹೀಟರಿನ ಖರ್ಚು ಇಳಿಯುತ್ತದೆ. ಅಷ್ಟರವರೆಗೆ ನಮ್ಮ ಕೈಯಲ್ಲಿರುವುದು ಸಾಕು. ದಯವಿಟ್ಟು ಕಾಯಿ ಇಳಿಸಬೇಡಿ. ಕಳಿಸಲೇಬೇಕೆಂಬ ಹಟವಿದ್ದರೆ ಯಾರಾದರೂ ಇತ್ತ ಬರುವಾಗ ಅರ್ಧ ಕಿಲೋ ಉಪ್ಸಾರು ಖಾರದ ಪುಡಿ ಕೊಟ್ಟು ಕಳಿಸಿ. ಅಮ್ಮ, ಕೊಬ್ಬರಿ ಹಾಕದೆ ಅಜ್ಜಿ ಹುರಳಿಕಟ್ಟಿನ ಸಾರು ಮಾಡುತ್ತಿದ್ದರಲ್ಲ, ಕಟ್ಟು ಗಟ್ಟಿಯಾಗಲು ಅದಕ್ಕೆ ಏನು ಬೆರೆಸುತ್ತಿದ್ದರೆಂಬುದನ್ನು ಮರೆಯದೆ ಬರೆಯಿರಿ. ಹುರಿದ ಅಕ್ಕಿಯೋ ಅರೆದ ಕಾಳೋ ಎಂದು ನಮ್ಮಿಬ್ಬರಲ್ಲಿ ವಾದ ನಡೆದಿದೆ.

ಈ ಕಾಗದ ಹಿಡಿಯುವ ಮೊದಲು ನೆನೆದ ಹುರಳಿಯನ್ನು ಕುಕ್ಕರಿನಲ್ಲಿ ಒಂದು ಸೀಟಿ ಕೂಗಿಸಿ ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮಗು ಎರಡು ಸಲ ಬಂದು ರಗ್ಗಿನ ಮೇಲೆ ಕೈಯಿಟ್ಟು ಬೆಚ್ಚಗಿದೆಯೆಂದು ಹೇಳಿ ಹೋದ. ತೆರೆಯಲು ಇನ್ನೂ ಒಂದು ಗಂಟೆಯಿದೆ.

ಇಂತಿ ನಿಮ್ಮ ಆಶೀರ್ವಾದ ಬೇಡುವ,
ಮಗಳು